ಎರಡು ಮಹಡಿ, ಎರಡು ಕೇಬಲ್: 24 ಪೋರ್ಟಿನ ಮ್ಯಾನೇಜ್ಡ್ ಸ್ವಿಚ್ ಬಳಸಿದ ಅನುಭವ

ಮಂಡ್ಯದಲ್ಲಿರುವ ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದ ಎರಡು ಮಹಡಿಗಳನ್ನು ಜೋಡಿಸಲು ಮೈಸೂರಿನ ಅಂಗಡಿಯೊಂದರಿಂದ ಒಂದೇ ಮಾದರಿಯ ಎರಡು 24 ಪೋರ್ಟಿನ ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್‌ಗಳನ್ನು ತಂದು ನಾಲ್ಕು ತಿಂಗಳಾಯಿತು. ಇವನ್ನೇ ಆರಿಸಿದ್ದು ಲಿಂಕ್ ಅಗ್ರಿಗೇಶನ್ ಸೌಲಭ್ಯಕ್ಕಾಗಿ, ಅಂದರೆ ಎರಡು ಕೇಬಲ್‌ಗಳನ್ನು ಸೇರಿಸಿ ಒಂದೇ ಪೋರ್ಟಿನಂತೆ ನಡೆಸುವುದಕ್ಕಾಗಿ.

ಮೊದಲ ದಿನವೇ ತೊಂದರೆಯಾಯಿತು. ಕೆಳಗಿನ ಸ್ವಿಚ್‌ನಲ್ಲಿ ಗುಂಪು ಮಾಡಿ, ಮೇಲಿನದರಲ್ಲಿ ಇನ್ನೂ ಮಾಡದೆಯೇ ಎರಡೂ ಕೇಬಲ್ ಚುಚ್ಚಿಬಿಟ್ಟಿದ್ದೆವು. ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಕುಳಿತ ಕಂಪ್ಯೂಟರ್‌ಗಳಿಗೂ ಪರಸ್ಪರ ಸಂಪರ್ಕ ಸಿಗದಂತಾಯಿತು. ನೆಟ್‌ವರ್ಕಿನಲ್ಲಿ ಹರಿಯುವುದನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆದು ನೋಡಿದರೆ ಒಂದೇ ಎಆರ್‌ಪಿ ಪ್ರಶ್ನೆ (ಈ ಐಪಿ ವಿಳಾಸ ಯಾರದೆಂದು ಎಲ್ಲರನ್ನೂ ಕೇಳುವ ಸಂದೇಶ) ಎರಡೆರಡು ಸಲ ಬರುತ್ತಿತ್ತು. ಹೀಗೆ ಎಲ್ಲರಿಗೂ ಹೋಗುವ ಸಂದೇಶವನ್ನು, ಅಂದರೆ ಬ್ರಾಡ್‌ಕಾಸ್ಟ್ ಫ್ರೇಮನ್ನು, ಸ್ವಿಚ್ ತಾನು ಪಡೆದ ಪೋರ್ಟೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಕಳುಹಿಸುತ್ತದೆ; ಗುಂಪಾಗಿರುವ ಕೇಬಲ್‌ಗಳನ್ನು ಮಾತ್ರ ಒಂದೇ ಪೋರ್ಟೆಂದು ಎಣಿಸಿ, ಅವುಗಳಲ್ಲಿ ಒಂದರ ಮೂಲಕ ಒಂದೇ ಪ್ರತಿ ಬಿಡುತ್ತದೆ. ಗುಂಪಿನ ಅರಿವಿಲ್ಲದ ಮೇಲಿನ ಸ್ವಿಚ್, ಒಂದು ಕೇಬಲಿನಲ್ಲಿ ಬಂದದ್ದನ್ನು ಇನ್ನೊಂದರಲ್ಲಿ ಕೆಳಕ್ಕೇ ಹಿಂದಿರುಗಿಸುತ್ತಿತ್ತು. ಕೆಳಗಿನದು ಅದನ್ನು ಕಂಡು, ಪಕ್ಕದ ಪೋರ್ಟಿನಲ್ಲೇ ಇರುವ ಕಂಪ್ಯೂಟರ್ ಮೇಲಿನ ಮಹಡಿಯಲ್ಲಿದೆಯೆಂದು ತಪ್ಪಾಗಿ ಬರೆದುಕೊಂಡು, ಅದಕ್ಕೆ ಬರಬೇಕಾದ ಉತ್ತರಗಳನ್ನೆಲ್ಲ ಮೇಲಕ್ಕೆ ಅಟ್ಟುತ್ತಿತ್ತು.

ಇದರಲ್ಲಿ ನಮ್ಮ ಅವಸರದ ಪಾಲು ಇದ್ದೇ ಇದೆ. ಆದರೆ ತಯಾರಕರು ಎದುರಿನ ಸ್ವಿಚ್ಚನ್ನು ಕೇಳದೆಯೇ ಗುಂಪು ಮಾಡುವ ಸ್ಟ್ಯಾಟಿಕ್ ವಿಧಾನವನ್ನೇ ಮೊದಲ ಆಯ್ಕೆಯಾಗಿಟ್ಟು, ಎಲ್‌ಎಸಿಪಿಯನ್ನು ಬೇರೆ ಪುಟದಲ್ಲಿ ಅಡಗಿಸಿ, ಕೇಬಲ್‌ಗಳು ಸುತ್ತುಗಟ್ಟಿದರೆ ಒಂದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀಯನ್ನು ಆಫ್ ಮಾಡಿಯೇ ಕಳುಹಿಸಿರುವುದನ್ನು ನಾನು ಒಪ್ಪಲಾರೆ. 2000ನೇ ಇಸವಿಯ 802.3ಎಡಿ ಮಾನದಂಡದಿಂದಲೂ ಇರುವ ಎಲ್‌ಎಸಿಪಿಯಲ್ಲಿ ಎರಡೂ ಕಡೆಯ ಸ್ವಿಚ್‌ಗಳು ಮಾತನಾಡಿಕೊಂಡು ಒಪ್ಪಿದ ಮೇಲಷ್ಟೇ ಕೇಬಲ್ ಗುಂಪಿಗೆ ಸೇರುತ್ತದೆ. ಎರಡರಲ್ಲೂ ಅದನ್ನೇ ಆರಿಸಿ, ಸ್ಪ್ಯಾನಿಂಗ್ ಟ್ರೀ ಆನ್ ಮಾಡಿದ ಮೇಲೆ ಎಆರ್‌ಪಿ ಪ್ರಶ್ನೆ ಒಂದೇ ಸಲ ಕಾಣಿಸಿತು.

ವೇಗದ ವಿಷಯದಲ್ಲಿ ಅಂಗಡಿಯವರು ಹೇಳಿದ 'ಎರಡರಷ್ಟು' ಎಂಬ ಮಾತು ಅರ್ಧ ಸತ್ಯ. ಮೇಲಿನ ಒಂದು ಕಂಪ್ಯೂಟರ್‌ನಿಂದ ಕೆಳಗಿನ ಸರ್ವರ್‌ಗೆ ದೊಡ್ಡ ಫೈಲ್ ನಕಲಿಸಿದಾಗ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಮಾತ್ರ ಸಿಕ್ಕಿತು, ಅಂದರೆ ಒಂದೇ ಕೇಬಲಿನ ವೇಗ. ಫ್ರೇಮ್‌ಗಳ ಕ್ರಮ ತಪ್ಪಬಾರದೆಂದು ಒಂದು ಸಂಪರ್ಕದ ದಟ್ಟಣೆಯೆಲ್ಲ ಒಂದೇ ಕೇಬಲಿನಲ್ಲಿ ಹೋಗುತ್ತದೆ. ಯಾವುದರಲ್ಲಿ ಎಂಬುದನ್ನು ವಿಳಾಸಗಳ ಲೆಕ್ಕಾಚಾರ ತೀರ್ಮಾನಿಸುತ್ತದೆ. ಈ ಲೆಕ್ಕಕ್ಕೆ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಯ) ಬದಲು ಐಪಿ ವಿಳಾಸ ಮತ್ತು ತಂತ್ರಾಂಶಗಳು ಬಳಸುವ ಪೋರ್ಟ್ ಸಂಖ್ಯೆಯನ್ನು (ಸ್ವಿಚ್‌ನ ಪೋರ್ಟಲ್ಲ) ಆರಿಸುವ ಅವಕಾಶವನ್ನು ಇದರಲ್ಲಿ ಕೊಟ್ಟಿದ್ದಾರೆ, ಅದು ಮೆಚ್ಚತಕ್ಕದ್ದು. ಹಲವು ವಿದ್ಯಾರ್ಥಿಗಳು ಒಟ್ಟಿಗೆ ಕೆಲಸ ಮಾಡುವಾಗ ದಟ್ಟಣೆ ಎರಡೂ ಕೇಬಲ್‌ಗಳಿಗೆ ಸಾಕಷ್ಟು ಸಮನಾಗಿ ಹಂಚಿಹೋಗುತ್ತಿದೆ.

ಕಳೆದ ವಾರ ಪಾಠ ನಡೆಯುತ್ತಿರುವಾಗಲೇ ಒಂದು ಕೇಬಲ್ ಕಿತ್ತು ನೋಡಿದೆ. ಸಂಪರ್ಕ ಪರೀಕ್ಷಿಸಲು ಬಿಡುತ್ತಿದ್ದ ಪಿಂಗ್ ಸಂದೇಶಗಳಲ್ಲಿ ಒಂದು ಮಾತ್ರ ತಪ್ಪಿತು. ಮೇಲಿನ ತರಗತಿಯಲ್ಲಿ ಯಾರೂ ತಲೆಯೆತ್ತಲಿಲ್ಲ.