3 ವರ್ಷ ಬಳಸಿದ ಬ್ಲೂಟೂತ್ ಓಬಿಡಿ ಸ್ಕ್ಯಾನರ್: ಹಳೆ ಆಟೋಮ್ಯಾಟಿಕ್ ಕಾರಿನ ಗೇರ್ ತೊಂದರೆ ಹಿಡಿಯಲು ಎಷ್ಟು ಉಪಯೋಗ?

ಮೊದಲೇ ಹೇಳಿಬಿಡ್ತೇನೆ. ಕಾರಿನ ಕಂಪ್ಯೂಟರ್ ಬರೆದಿಟ್ಟದ್ದನ್ನು ಓದಿ ಫೋನಿನಲ್ಲಿ ತೋರಿಸುವ ಈ ಓಬಿಡಿ ಸ್ಕ್ಯಾನರ್ ನನ್ನ ಗೇರ್ ಬಾಕ್ಸ್ ಬಿಚ್ಚೋದನ್ನು ತಪ್ಪಿಸಿತು. ಆದರೆ ತಾನೊಂದೇ ತಪ್ಪಿಸಲಿಲ್ಲ. ಒಂದು ಬಿಳಿ ಟಿಶ್ಯೂ, ಒಂದು ಸಣ್ಣ ನೋಟ್‌ಬುಕ್, ಪಕ್ಕದ ಸೀಟಿನಲ್ಲಿ ಫೋನ್ ಹಿಡಿದು ಕೂತ ತಮ್ಮ, ಇಷ್ಟೂ ಬೇಕಾಯಿತು.

ನಾವಿರೋದು ವಿಜಯಪುರದಲ್ಲಿ. ಅಪ್ಪನ ಎಡಮೊಣಕಾಲು ಕ್ಲಚ್ ಒತ್ತಲು ಬಿಡುತ್ತಿರಲಿಲ್ಲ, ಅದಕ್ಕೇ 2022ರ ಜೂನ್‌ನಲ್ಲಿ ಬೆಳಗಾವಿಯಿಂದ ಒಂದು ಹಳೆ ಪೆಟ್ರೋಲ್ ಸೆಡಾನ್ ತಂದೆ. 2014ರ ಮಾಡೆಲ್, 4 ಗೇರಿನ ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರಿಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್, ಆಗ 68,000 ಕಿ.ಮೀ. ಓಡಿತ್ತು. ಕಾರಿನ ಕಂಪನಿ ಹೆಸರು ಬರೆಯೋದಿಲ್ಲ. ನಾನು ಹೇಳೋದು ಇಂಥ ಗೇರ್ ಬಾಕ್ಸ್ ಇರುವ ಹೆಚ್ಚಿನ ಹಳೆ ಕಾರುಗಳಿಗೆ ಹೊಂದುತ್ತದೆ. ಎಎಂಟಿ, ಸಿವಿಟಿ (ಗೇರುಗಳ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್) ಇದ್ದವರಿಗೆ ಲೆಕ್ಕ ಬೇರೆ. ಎಎಂಟಿ ಅಂದರೆ ಒಳಗಿರೋದು ಮ್ಯಾನುಯಲ್ ಗೇರ್ ಬಾಕ್ಸೇ, ಕ್ಲಚ್ ಒತ್ತೋದು, ಗೇರ್ ಹಾಕೋದು ಮೆಷಿನ್ ಮಾಡುತ್ತದೆ ಅಷ್ಟೇ, ಅದರ ಜರ್ಕ್ ಬೇರೆ ಇದರ ಜರ್ಕ್ ಬೇರೆ.

ಕಾರು ತಂದ ತಿಂಗಳಲ್ಲೇ ಆನ್‌ಲೈನ್‌ನಲ್ಲಿ ಸ್ಕ್ಯಾನರ್ ತರಿಸಿದೆ, ಒಂಬೈನೂರು ರೂಪಾಯಿ ಚಿಲ್ಲರೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಮೇಲೆ ಯಾವ ಕಂಪನಿ ಹೆಸರೂ ಇಲ್ಲ. ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದಲ್ಲ, ಅಲ್ಲಿ ಚುಚ್ಚಿ, ಫೋನಿನ ಬ್ಲೂಟೂತ್‌ಗೆ ಜೋಡಿಸಿ, ಆ್ಯಪ್ ತೆರೆದರೆ ಆಯಿತು. ನನ್ನದು ಆಂಡ್ರಾಯ್ಡ್ ಫೋನ್. ಐಫೋನ್ ಇದ್ದವರು ಹಳೆ ಬ್ಲೂಟೂತ್ ಮಾಡೆಲ್ ತಗೋಬೇಡಿ, ಅದು ಜೋಡಣೆ ಆಗೋದಿಲ್ಲ. ಅವರಿಗೆ ವೈಫೈ ಇರೋದು ಅಥವಾ ಹೊಸ ಬಿಎಲ್ಇ ಬ್ಲೂಟೂತ್ ಇರೋದು ಬೇಕು.

ಮೊದಲ ತೊಂದರೆ ಬಂದದ್ದು 2023ರ ಏಪ್ರಿಲ್‌ನಲ್ಲಿ. ಬಾಗಲಕೋಟೆಯಲ್ಲಿ ಮದುವೆ ಮುಗಿಸಿ ಮಧ್ಯಾಹ್ನ ಮೂರಕ್ಕೆ ವಾಪಸ್ ಹೊರಟಿದ್ದೆವು. ನಮ್ಮ ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟಿರುತ್ತದೆ. ಕೊಲ್ಹಾರ ಸೇತುವೆ ಹತ್ತಿರ ಲಾರಿ ಹಿಂದೆ ನಿಧಾನ ಮಾಡಿ ಮತ್ತೆ ಕಾಲು ಒತ್ತಿದೆ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಎಂಜಿನ್ ಸುಮ್ಮನೆ ಕೂಗಿತು, ಆರ್‌ಪಿಎಂ ಮುಳ್ಳು 2,500ರಿಂದ 3,600ಕ್ಕೆ ಎದ್ದಿತು, ಕಾರು ಮಾತ್ರ ಮುಂದೆ ಎಳೆಯಲೇ ಇಲ್ಲ, ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ಧಡ್ ಅಂತ ಗೇರ್ ಬಿತ್ತು. ಹಿಂದೆ ಕೂತಿದ್ದ ಅವ್ವ ಗಾಬರಿಯಾದಳು. ಸೇತುವೆ ದಾಟಿ ನಿಲ್ಲಿಸಿದೆ. "ಮೊಸರ ತಗೊಳ್ಳೂಣು, ಗಾಡಿನೂ ಒಂದೀಟ ತಂಪಾಗ್ಲಿ" ಅಂದಳು. ಗಡಿಗೆ ಮೊಸರು ಕೊಂಡು ಅರ್ಧ ಗಂಟೆ ಬಿಟ್ಟು ಹೊರಟರೆ ಕಾರಿಗೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡಿತು.

ಮಾರನೇ ದಿನ ತೋರಿಸಿದ ಗ್ಯಾರೇಜಿನಲ್ಲಿ ಎರಡು ನಿಮಿಷ ಓಡಿಸಿ ನೋಡಿ, "ಸರ, ಗೇರ್ ಬಾಕ್ಸ್ ಹೋಗೈತ್ರಿ, ಬಿಚ್ಚೂದ ಐತಿ" ಅಂದರು. ಎಂಬತ್ತು ಸಾವಿರ ಅಂದಾಜು. ಆಯಿಲ್ ಕೂಡ ನೋಡಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಜ್ವರ ಅಂತ ಹೋದವನಿಗೆ ಕೈ ಹಿಡಿದು ನಾಡಿ ನೋಡದೆ ಆಪರೇಷನ್ ಅಂದ ಹಾಗಾಯಿತು.

ಅಂದು ಸಂಜೆ ಸ್ಕ್ಯಾನರ್ ಹಾಕಿದೆ. ಒಂದು ಕೋಡೂ (ಕಂಪ್ಯೂಟರ್ ತಕರಾರಿಗೆ ಕೊಡುವ ನಂಬರ್) ಇಲ್ಲ! ಇಲ್ಲೇ ಜಾಸ್ತಿ ಜನ ಮೋಸ ಹೋಗೋದು. ಕೋಡ್ ಇಲ್ಲ ಅಂದರೆ ತೊಂದರೆ ಇಲ್ಲ ಅಂತ ಅರ್ಥ ಅಲ್ಲ. ಕಂಪ್ಯೂಟರಿಗೆ ಇನ್ನೂ ತಕರಾರು ಬರೆದುಕೊಳ್ಳುವಷ್ಟು ಕಂಡಿಲ್ಲ, ಅಷ್ಟೇ. ನನಗೆ ಉಪಯೋಗಕ್ಕೆ ಬಂದದ್ದು ಲೈವ್ ಡೇಟಾ, ಅಂದರೆ ಕಾರು ಓಡುವಾಗಲೇ ಕಾಣುವ ಅಂಕಿಗಳು. ತಮ್ಮನನ್ನು ಪಕ್ಕ ಕೂರಿಸಿ (ಓಡಿಸುವವರು ದಯವಿಟ್ಟು ಫೋನ್ ನೋಡಬೇಡಿ) ಆರ್‌ಪಿಎಂ ಮತ್ತು ವೇಗ ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ ಸೋಲಾಪುರ ರೋಡಿನಲ್ಲಿ ಹೋಗಿ ಬಂದೆವು. ಗೇರ್ ಸರಿಯಾಗಿ ಬಿದ್ದಾಗ ವೇಗದ ಗೆರೆ ಏರುತ್ತಾ ಇರುತ್ತದೆ, ಆರ್‌ಪಿಎಂ ಗೆರೆ ಟಕ್ ಅಂತ ಇಳಿಯುತ್ತದೆ. ನಮ್ಮದರಲ್ಲಿ ಮೊದಲ 15 ನಿಮಿಷ ಹಾಗೇ ಇತ್ತು. ಕಾರು ಚೆನ್ನಾಗಿ ಕಾದ ಮೇಲೆ, ಎರಡು ಮತ್ತು ಮೂರರ ನಡುವೆ ಮಾತ್ರ, ಇಳಿಯಬೇಕಾದ ಆರ್‌ಪಿಎಂ ಗೆರೆ ಮೇಲೆ ಗೂಟದ ಹಾಗೆ ಎದ್ದು ನಿಂತಿತು. ಅಂದರೆ ಗೇರ್ ಜಾರುತ್ತಿದೆ. ಬಿಸಿಯಾದಾಗ ಮಾತ್ರ, ಒಂದೇ ಜಾಗದಲ್ಲಿ. ಇದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಜೊತೆಗೆ ಬೆಳಿಗ್ಗೆ ಎನ್‌ನಿಂದ (ನ್ಯೂಟ್ರಲ್) ಡಿಗೆ (ಡ್ರೈವ್) ಹಾಕಿದರೆ ಕಾರು ಹಿಡಿಯಲು ಮೂರು ಸೆಕೆಂಡ್ ಆಗುತ್ತಿತ್ತು. ಒಂದು, ಒಂದೂವರೆ ಸೆಕೆಂಡಿನಲ್ಲಿ ಹಿಡಿಯಬೇಕು.

ಆಮೇಲೆ ಆಯಿಲ್ ನೋಡಿದೆ. ನನ್ನ ಕಾರಿನ ಪುಸ್ತಕದಲ್ಲಿ ಹೇಳಿದ ಪ್ರಕಾರ ಕಾರು ಚೆನ್ನಾಗಿ ಬಿಸಿಯಾಗಿರಬೇಕು, ಸಪಾಟು ಜಾಗದಲ್ಲಿ ನಿಂತಿರಬೇಕು, ಎಂಜಿನ್ ಚಾಲೂ ಇರಬೇಕು. ಬ್ರೇಕ್ ಒತ್ತಿ ಹಿಡಿದು ಲಿವರ್ ಪಿ, ಆರ್, ಎನ್, ಡಿ ಎಲ್ಲದರಲ್ಲೂ ಒಂದೊಂದು ಸಲ ಆಡಿಸಿ, ಪಿಗೆ (ಪಾರ್ಕಿಂಗ್) ತಂದು, ಆಮೇಲೆ ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆಯಬೇಕು. ಎಲ್ಲಾ ಕಾರಿಗೂ ಹೀಗೇ ಅಲ್ಲ. ಹೋಂಡಾ ಕಾರುಗಳಲ್ಲಿ ಎಂಜಿನ್ ಆಫ್ ಮಾಡಿ ನೋಡಬೇಕು, ಕೆಲವು ಕಾರಿನಲ್ಲಿ ಕಡ್ಡಿಯೇ ಇರೋದಿಲ್ಲ. ನಿಮ್ಮ ಪುಸ್ತಕ ನೋಡಿಕೊಳ್ಳಿ.

ಕಡ್ಡಿಯ ತುದಿಯಿಂದ ಒಂದು ಹನಿ ಬಿಳಿ ಟಿಶ್ಯೂ ಮೇಲೆ ಬಿಟ್ಟೆ. ಹೊಸ ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್) ದಾಸವಾಳದ ರಸದ ಹಾಗೆ ಕೆಂಪಗಿರುತ್ತದೆ. ನಮ್ಮದು ಬಹಳ ಹೊತ್ತು ಕುದಿಸಿದ ಕರಿ ಚಹಾದ ಹಾಗಿತ್ತು. ಹನಿ ಹರಡುತ್ತಾ ಹೋಯಿತು, ನಡುವೆ ಕಪ್ಪು ಚುಕ್ಕೆ ಉಳಿಯಿತು, ಸುತ್ತ ಕಂದು ಉಂಗುರ. ಮೂಗಿಗೆ ಹಿಡಿದರೆ ಸೀದ ವಾಸನೆ. ಮಟ್ಟ ನೋಡಿದರೆ ಬಿಸಿ ಗುರುತಿಗಿಂತ ಎಷ್ಟೋ ಕೆಳಗೆ. ಕೆಳಗೆ ಬಗ್ಗಿ ಟಾರ್ಚ್ ಹಾಕಿದರೆ ಚಕ್ರಕ್ಕೆ ಬಲ ಒಯ್ಯುವ ಡ್ರೈವ್ ಶಾಫ್ಟಿನ ಸೀಲ್ ಹತ್ತಿರ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. ಆಟೋಮ್ಯಾಟಿಕ್‌ನಲ್ಲಿ ಆಯಿಲ್ ಬರೀ ಜಾರಿಕೆಗೆ ಇರೋದಲ್ಲ. ಅದರ ಒತ್ತಡದಿಂದಲೇ ಒಳಗಿನ ಕ್ಲಚ್‌ಗಳು ಹಿಡಿಯೋದು. ಆಯಿಲ್ ಕಡಿಮೆಯಾಗಿ, ಹಳೆಯದಾಗಿ, ಬಿಸಿಲಿಗೆ ಇನ್ನೂ ತೆಳ್ಳಗಾದರೆ ಕ್ಲಚ್ ಜಾರದೆ ಏನು ಮಾಡೀತು?

ಇನ್ನೊಂದು ಗ್ಯಾರೇಜಿನಲ್ಲಿ ನೋಟ್‌ಬುಕ್, ಟಿಶ್ಯೂ, ಗ್ರಾಫಿನ ಫೋಟೋ ಮೂರನ್ನೂ ಮುಂದಿಟ್ಟೆ. ಅಲ್ಲಿನ ಹಿರಿಯ ಮಿಸ್ತ್ರಿ ಟಿಶ್ಯೂ ನೋಡಿ "ಮೊದಲ ಇದನ್ನ ಬದಲಿ ಮಾಡೂಣ್ರಿ, ಆಮ್ಯಾಲ ನೋಡೂಣು" ಅಂದರು. ಸೀಲ್ ಹೊಸದು ಹಾಕಿದರು. ಆಯಿಲನ್ನು ಮೆಷಿನ್‌ನಿಂದ ಫ್ಲಶ್ ಮಾಡೋದು ಬೇಡ, ಇಳಿಸಿ ತುಂಬೋಣ ಅಂತ ಇಬ್ಬರೂ ಮಾತಾಡಿಕೊಂಡೆವು. ಒಂದು ಸಲ ಇಳಿಸಿದರೆ ಪೂರ್ತಿ ಬರೋದಿಲ್ಲ, ಟಾರ್ಕ್ ಕನ್ವರ್ಟರ್ ಒಳಗೆ ಬಹಳಷ್ಟು ಉಳಿಯುತ್ತದೆ. ಅದಕ್ಕೆ ಮೂರು ಸಲ, ನಡುವೆ ಐನೂರು ಕಿ.ಮೀ. ಓಡಿಸಿ, ಇಳಿಸಿ ತುಂಬಿದೆವು. ಪ್ರತಿ ಸಲ ಮೂರು ಲೀಟರ್ ಮೇಲೆ ಬಂತು. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಕೆಸರು ಮೆತ್ತಿತ್ತು. ಅಷ್ಟು ಇರೋದು ಸಹಜ. ಕೈಗೆ ಚುಚ್ಚುವ ಚೂರು ಸಿಕ್ಕಿದ್ದರೆ ನಾನು ಈ ವಿಮರ್ಶೆಯನ್ನು ಬೇರೆ ಥರ ಬರೆಯುತ್ತಿದ್ದೆ.

ಆಯಿಲ್ ಕೊಳ್ಳುವಾಗ ಒಂದು ಮಾತು. ಅಂಗಡಿಯಲ್ಲಿ "ಎಲ್ಲಾ ಕೆಂಪು ಆಯಿಲ್ ಒಂದೇ" ಅಂದರೆ ನಂಬಬೇಡಿ. ಪುಸ್ತಕದಲ್ಲಿ ಬರೆದ ಗ್ರೇಡೇ ಹಾಕಿಸಿ. ಸಿವಿಟಿ ಆಯಿಲ್ ಬೇರೆ, ಎಟಿಎಫ್ ಬೇರೆ, ಅದಕ್ಕಿದು ಇದಕ್ಕದು ಹಾಕುವ ಹಾಗೇ ಇಲ್ಲ.

ಮೂರನೇ ಸಲ ತುಂಬಿದ ಮೇಲೆ ಮತ್ತೆ ಅದೇ ರೋಡು, ಅದೇ ಮಧ್ಯಾಹ್ನ, ಅದೇ ತಮ್ಮ. ಗೂಟ ಮಾಯ. ಸೀಲ್, ಆಯಿಲ್, ಕೂಲಿ ಎಲ್ಲಾ ಸೇರಿ ಒಂಬತ್ತು ಸಾವಿರದ ಒಳಗೆ ಮುಗಿಯಿತು.

ಎರಡನೇ ತೊಂದರೆ 2024ರ ಜುಲೈ. ಇದು ಪೂರ್ತಿ ಬೇರೆ ಜಾತಿ. ಬೆಳಗಾವಿಯ ಟಿಳಕವಾಡಿಯಲ್ಲಿ ಚಿಕ್ಕಪ್ಪನ ಮನೆಗೆ ಹೋಗಿದ್ದೆವು. ಎರಡು ದಿನ ಬಿಡದೆ ಮಳೆ, ಕಾರು ಹೊರಗೇ ನಿಂತಿತ್ತು. ಮೂರನೇ ದಿನ ಪೇಟೆಯಲ್ಲಿ ಹೋಗುತ್ತಿದ್ದಾಗ ಸ್ಪೀಡೋಮೀಟರ್ ಮುಳ್ಳು ಒಂದು ಕ್ಷಣ ಸೊನ್ನೆಗೆ ಬಿದ್ದು ಎದ್ದಿತು. ಮರುಕ್ಷಣ ಜೋರು ಜರ್ಕ್, ಎಂಜಿನ್ ಲೈಟ್ ಹತ್ತಿತು, ಆಮೇಲೆ ಗೇರ್ ಬದಲಾಗಲೇ ಇಲ್ಲ. ಸಿಗ್ನಲ್‌ನಿಂದ ಎದ್ದೇಳಲು ಎತ್ತಿನ ಗಾಡಿ ಏರಿ ಹತ್ತಿದ ಹಾಗೆ ಒದ್ದಾಡುತ್ತಿತ್ತು. ಇದಕ್ಕೆ ಲಿಂಪ್ ಮೋಡ್ ಅಂತಾರೆ. ಕಂಪ್ಯೂಟರಿಗೆ ಸೆನ್ಸರ್ ಮೇಲೆ ನಂಬಿಕೆ ಹೋದಾಗ, ಗೇರ್ ಬಾಕ್ಸ್ ಹಾಳಾಗದಿರಲಿ ಅಂತ ಒಂದೇ ಗೇರಿನಲ್ಲಿ ಹಿಡಿದು ನಿಲ್ಲಿಸುತ್ತದೆ. ನಮ್ಮದು ಮೂರನೆಯದರಲ್ಲಿ ನಿಂತಿತ್ತು.

ಪಕ್ಕದವರೊಬ್ಬರು ಹಗ್ಗ ಕಟ್ಟಿ ಎಳೆಸೋಣ ಅಂತ ಬಂದರು. ಒಳ್ಳೆ ಮನಸ್ಸಿನಿಂದಲೇ ಬಂದದ್ದು, ಆದರೆ ನಾನು ಒಪ್ಪಲಿಲ್ಲ. ಎಂಜಿನ್ ಬಂದ್ ಆಗಿ ಚಕ್ರ ತಿರುಗಿದರೆ ಗೇರ್ ಬಾಕ್ಸಿನ ಪಂಪ್ ಓಡೋದಿಲ್ಲ, ಆಯಿಲ್ ಮೇಲೆ ಏರೋದಿಲ್ಲ, ಒಣಗೇ ಉಜ್ಜುತ್ತದೆ. ಎಳೆಯೋದಾದರೆ ಎಂಜಿನ್ ಓಡಿಸುವ ಚಕ್ರಗಳು ನೆಲ ಮುಟ್ಟಬಾರದು, ಪೂರ್ತಿ ಲಾರಿ ಮೇಲೆ ಹಾಕೋದೇ ಒಳ್ಳೇದು. ತಳ್ಳಿ ಸ್ಟಾರ್ಟ್ ಮಾಡೋದು ಅಂತೂ ಇದರಲ್ಲಿ ಇಲ್ಲವೇ ಇಲ್ಲ.

ಸ್ಕ್ಯಾನರ್ ತೋರಿಸಿದ್ದು ಪಿ0700. ಉಚಿತ ಆ್ಯಪ್ ಅಲ್ಲಿಗೆ ನಿಂತಿತು. ಈ ಸ್ಕ್ಯಾನರಿನ ದೊಡ್ಡ ಕೊರತೆ ಇದೇ. ಪಿ0700 ಅಂದರೆ "ಗೇರ್ ಬಾಕ್ಸಿನ ಕಂಪ್ಯೂಟರಿನಲ್ಲಿ ಏನೋ ಬರೆದಿದೆ, ಅಲ್ಲಿ ಹೋಗಿ ಕೇಳು" ಅಂತ ಎಂಜಿನ್ ಕಂಪ್ಯೂಟರ್ ಹೇಳೋದು, ಅಷ್ಟೇ. ಅದೊಂದೇ ನೋಡಿ ಗೇರ್ ಬಾಕ್ಸ್ ಬಿಚ್ಚಿಸಿದರೆ ನಿಮ್ಮ ದುಡ್ಡು ಹೋಯಿತು. ದುಡ್ಡು ಕೊಟ್ಟು ಇನ್ನೊಂದು ಆ್ಯಪ್ ಹಾಕಿಕೊಂಡೆ, ಅದರಲ್ಲಿ ನನ್ನ ಕಾರಿನ ಗೇರ್ ಕಂಪ್ಯೂಟರ್ ಓದಲು ಬಂತು. ಸಿಕ್ಕಿದ್ದು ಪಿ0720, ಔಟ್‌ಪುಟ್ ಸ್ಪೀಡ್ ಸೆನ್ಸರಿನ (ಗೇರ್ ಬಾಕ್ಸಿನಿಂದ ಹೊರಬರುವ ವೇಗ ಅಳೆಯೋದು) ಸರ್ಕ್ಯೂಟ್. ಸ್ಪೀಡೋಮೀಟರ್ ಮುಳ್ಳು ಬಿದ್ದದ್ದಕ್ಕೂ ಇದಕ್ಕೂ ತಾಳೆಯಾಯಿತು. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ಫೋಟೋ ತೆಗೆದುಕೊಂಡೆ. ತೊಂದರೆ ಆದ ಕ್ಷಣದ ಆರ್‌ಪಿಎಂ, ವೇಗ, ಬಿಸಿ ಎಲ್ಲಾ ಅದರಲ್ಲಿರುತ್ತದೆ, ಕೋಡ್ ಅಳಿಸಿದರೆ ಅದೂ ಅಳಿದುಹೋಗುತ್ತದೆ.

ಒಂದು ಕಡೆ ಸೆನ್ಸರ್ ಬದಲಿಸಿ ಅಂದರು, ಇನ್ನೊಂದು ಕಡೆ ವಾಲ್ವ್ ಬಾಡಿ (ಗೇರ್ ಬಾಕ್ಸಿನೊಳಗೆ ಆಯಿಲ್ ಹಂಚುವ ಭಾಗ) ಅಂದರು. ಉದ್ಯಮಬಾಗದ ಹತ್ತಿರ ಒಬ್ಬ ವೈರಿಂಗ್ ಕೆಲಸದ ಹುಡುಗ ಸಿಕ್ಕ. ಅವನು "ಕೋಡ್‌ನ್ಯಾಗ ಸರ್ಕ್ಯೂಟ್ ಅಂತ ಐತ್ರಿ ಅಣ್ಣಾ, ಸೆನ್ಸರ್ ಕೆಟ್ಟೈತಿ ಅಂತ ಇಲ್ಲ" ಅಂದ. ಕನೆಕ್ಟರ್ ಎಳೆದು ತೋರಿಸಿದ. ಎರಡು ಪಿನ್ನಿನ ಮೇಲೆ ಹಸಿರು ಕಿಲುಬು, ಹಳೆ ತಾಮ್ರದ ಕೊಡದ ಒಳಗೆ ಹಿಡಿಯುತ್ತದಲ್ಲ, ಥೇಟ್ ಅದೇ. ರಬ್ಬರ್ ಸೀಲ್ ಒಣಗಿ ಸೀಳಿತ್ತು, ಮಳೆ ನೀರು ಅಲ್ಲಿಂದ ಒಳಗೆ ಹೋಗಿತ್ತು. ಮಲ್ಟಿಮೀಟರ್ ಇಟ್ಟು ನೋಡಿದ, ಸೆನ್ಸರ್ ಸರಿಯಾಗೇ ಇತ್ತು. ಪಿನ್ ಸ್ವಚ್ಛ ಮಾಡಿ, ಒಣಗಿಸಿ, ಹೊಸ ರಬ್ಬರ್ ಹಾಕಿ ಗ್ರೀಸ್ ಹಚ್ಚಿ ಕೂರಿಸಿದ. 650 ರೂಪಾಯಿ. ಆ ಹುಡುಗನಿಗೆ ನಾನು ಇವತ್ತಿಗೂ ಋಣಿ. ಆಮೇಲೆ ಎರಡು ಮಳೆಗಾಲ ನೋಡಿದೆ, ಆ ಕೋಡ್ ಮತ್ತೆ ಬಂದಿಲ್ಲ.

ಸ್ಕ್ಯಾನರಿನ ಬಗ್ಗೆ ಇನ್ನೂ ಎರಡು ದೂರು ಇವೆ. ಮೊದಲ ವರ್ಷ ಅದನ್ನು ಸಾಕೆಟ್ಟಿನಲ್ಲೇ ಬಿಟ್ಟಿದ್ದೆ. ಹತ್ತು ದಿನ ಊರಲ್ಲಿ ಇರಲಿಲ್ಲ, ಬಂದು ನೋಡಿದರೆ ಬ್ಯಾಟರಿ ಸತ್ತಿತ್ತು. ಆಟೋಮ್ಯಾಟಿಕ್‌ಗೆ ಬ್ಯಾಟರಿ ಬಹಳ ಮುಖ್ಯ, ವೋಲ್ಟೇಜ್ ಕಡಿಮೆಯಾದರೆ ಆಯಿಲ್ ದಾರಿ ತೆರೆದು ಮುಚ್ಚುವ ಸೊಲೆನಾಯ್ಡ್‌ಗಳು ಅಡ್ಡಾದಿಡ್ಡಿ ಮಾಡುತ್ತವೆ, ಇಲ್ಲದ ಕೋಡೆಲ್ಲಾ ಬರುತ್ತವೆ. ಕೆಲಸ ಮುಗಿದ ಮೇಲೆ ಕಿತ್ತಿಡಿ. ಇನ್ನೊಂದು, ಗೇರ್ ಆಯಿಲಿನ ಬಿಸಿ ಎಷ್ಟು ಅಂತ ನನ್ನ ಕಾರಿನಲ್ಲಿ ಇದು ತೋರಿಸೋದೇ ಇಲ್ಲ, ಎಂಜಿನ್ ನೀರಿನ ಬಿಸಿ ಮಾತ್ರ. ನಮ್ಮ ಬಿಸಿಲಿಗೆ ಆ ಒಂದು ಅಂಕಿ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು!

ಎಂಜಿನ್ ಮೌಂಟ್ (ಎಂಜಿನ್ ಕೂರಿಸಿದ ರಬ್ಬರ್ ಆಧಾರ) ಹೋಗಿದ್ದರೂ ಡಿಗೆ ಹಾಕಿದಾಗ ಧಡ್ ಅನ್ನುತ್ತದೆ, ಅದನ್ನು ಯಾವ ಸ್ಕ್ಯಾನರೂ ಹೇಳೋದಿಲ್ಲ. ಈಗ 1,06,000 ಕಿ.ಮೀ. ಆಗಿದೆ, ನಮ್ಮದಕ್ಕೆ ಸಣ್ಣಗೆ ಆ ಧಡ್ ಶುರುವಾಗಿದೆ, ಮುಂದಿನ ಭಾನುವಾರ ಬಾನೆಟ್ ತೆರೆದು ನೋಡಿಸಬೇಕು.

ಐದಕ್ಕೆ ನಾಲ್ಕು ಸ್ಟಾರ್. ಹಳೆ ಆಟೋಮ್ಯಾಟಿಕ್ ಕೊಳ್ಳಲು ಹೋಗುವವರು ಕಾರು ನೋಡುವ ದಿನವೇ ಇದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಕೋಡ್ ಇದೆಯಾ ಅಂತ ಮಾತ್ರ ನೋಡಬೇಡಿ, ಕಾರಿನ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನು ಮುಗಿಸಿದೆಯಾ ಅಂತ ಹೇಳುವ ರೆಡಿನೆಸ್ ಮಾನಿಟರ್ ಅಂತ ಒಂದು ಪುಟ ಇರುತ್ತದೆ, ಅದನ್ನು ತೆರೆಯಿರಿ. ಅಲ್ಲಿ ಬಹಳ ಕಡೆ "ಇನ್‌ಕಂಪ್ಲೀಟ್" ಅಂತ ಬಂದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿರಬಹುದು, ಅಥವಾ ಬ್ಯಾಟರಿ ಬಿಚ್ಚಿರಬಹುದು. ಹೋದ ತಿಂಗಳು ನಮ್ಮ ಪಕ್ಕದ ಮನೆ ಕಾಕಾ ಒಂದು ಕಾರು ನೋಡಲು ಹೋಗುವಾಗ ನನ್ನ ಸ್ಕ್ಯಾನರ್ ಇಸಿದುಕೊಂಡು ಹೋಗಿದ್ದರು. ನಾಲ್ಕು ಕಡೆ ಹಾಗೇ ಬಂತಂತೆ. ಮುಂಗಡ ಕೊಡಲಿಲ್ಲ. "ಎರಡ್ ದಿನ ಓಡಿಸ್ರಿ, ಆಮ್ಯಾಲ ಮತ್ತ ಬಂದು ಹಚ್ಚಿ ನೋಡ್ತೀನಿ" ಅಂತ ಹೇಳಿ ಬಂದರು. ಮೂರನೇ ದಿನ ಹೋಗಿ ಹಚ್ಚಿದರೆ ಪಿ0700 ಬಂದು ಕೂತಿತ್ತು.