ನೂಲಿನ ಸೂಪರ್‌ಹೀರೋ ಕಿಟ್: ದಾರ ಚೆನ್ನ, ಕಡ್ಡಿ ದಪ್ಪ, ಹಾಳೆಯಲ್ಲಿ ಲೆಕ್ಕ ತಪ್ಪು

ಕೊಕ್ಕೆ ಕಡ್ಡಿಯಲ್ಲಿ (ಕ್ರೋಶಾ) ಸೂಪರ್‌ಹೀರೋ ಬೊಂಬೆ ಹೆಣೆಯುವ ಈ ಕಿಟ್‌ನ ಸೂಚನೆ ಹಾಳೆಯನ್ನು ಕಣ್ಣುಮುಚ್ಚಿ ನಂಬಿದರೆ ತಲೆಯ 14ನೇ ಸುತ್ತಿನಲ್ಲಿ ಕೆಲಸ ನಿಂತುಹೋಗುತ್ತದೆ. ಅಲ್ಲಿ ‘4 ಸಿಂಗಲ್, 1 ಡಿಕ್ರೀಸ್, ಹೀಗೆ 6 ಸಲ’ ಎಂದು ಅಚ್ಚಾಗಿದೆ. ಸಿಂಗಲ್ ಎಂದರೆ ಮಾಮೂಲಿ ಗಿಡ್ಡ ಸ್ಟಿಚ್, ಡಿಕ್ರೀಸ್ ಎಂದರೆ ಎರಡು ಸ್ಟಿಚ್ ಸೇರಿಸಿ ಒಂದು ಮಾಡುವುದು. ನಾಲ್ಕು ಸಿಂಗಲ್‌ಗೆ ನಾಲ್ಕು ಸ್ಟಿಚ್, ಒಂದು ಡಿಕ್ರೀಸ್‌ಗೆ ಎರಡು, ಕೂಡಿದರೆ ಆರು. ಆರು ಸಲಕ್ಕೆ 36 ಬೇಕು. ಹಿಂದಿನ ಸುತ್ತು ಮುಗಿದಾಗ ಉಳಿದಿರುವುದೇ 30. ಅಲ್ಲಿರಬೇಕಾದದ್ದು ‘3 ಸಿಂಗಲ್, 1 ಡಿಕ್ರೀಸ್’. ಆಗ 30 ಇದ್ದದ್ದು 24ಕ್ಕೆ ಇಳಿಯುತ್ತದೆ. ಸಾಲಿನ ಕೊನೆಯಲ್ಲಿ ಒಟ್ಟು ಸ್ಟಿಚ್ 24 ಎಂದು ಸರಿಯಾಗಿಯೇ ಹಾಕಿದ್ದಾರೆ, ಹಾಗಾಗಿ ಕೈ ಪಳಗಿದವರಿಗೆ ತಪ್ಪು ತಕ್ಷಣ ಗೊತ್ತಾಗುತ್ತದೆ. ಹೊಸಬರು ಮಾತ್ರ ತಮ್ಮ ಎಣಿಕೆಯೇ ತಪ್ಪಿತೆಂದು ಮೂರು ಸುತ್ತು ಬಿಚ್ಚುತ್ತಾರೆ. ಪೆಟ್ಟಿಗೆ ತೆರೆದ ಕೂಡಲೇ ಪೆನ್ನು ತಗೊಂಡು ಅದನ್ನು ತಿದ್ದಿಕೊಳ್ಳಿ.

ಬೊಂಬೆ ಸುಮಾರು 13 ಸೆಂ.ಮೀ. ಎತ್ತರ. ನೀಲಿ ಅಂಗಿ, ಕೆಂಪು ಬೂಟು, ಕೆಂಪು ಕೇಪ್, ಹಳದಿ ಬೆಲ್ಟು, ಕಣ್ಣಿಗೆ ಮಾಸ್ಕು. 1938ರ ಸೂಪರ್‌ಮ್ಯಾನ್ ಕಾಲದಿಂದ ಬಂದ ಪದ್ಧತಿಯಂತೆ ಪ್ಯಾಂಟಿನ ಮೇಲೆ ಕೆಂಪು ಚಡ್ಡಿಯೂ ಉಂಟು. ಯಾವ ಸಿನಿಮಾದ ಹೆಸರೂ ಲಾಂಛನವೂ ಇಲ್ಲ, ಅದು ಒಳ್ಳೆಯದೇ. ಇಂಥ ಹೆಣೆದ ಬೊಂಬೆಗಿರುವ ಅಮಿಗುರುಮಿ ಎಂಬ ಹೆಸರು ಜಪಾನಿನದು: ‘ಅಮಿ’ ಎಂದರೆ ಹೆಣೆದದ್ದು, ‘ನುಯಿಗುರುಮಿ’ ಎಂದರೆ ಒಳಗೆ ತುಂಬಿ ಹೊಲಿದ ಬೊಂಬೆ. ನಮ್ಮ ಮನೆಗಳ ಬಾಗಿಲ ತೋರಣ, ಟೇಬಲ್ ಕ್ಲಾತ್, ಟಿವಿ ಮೇಲಿನ ಕವರ್ ಎಲ್ಲವೂ ಕ್ರೋಶಾ ಕೆಲಸವೇ. ಆದರೆ ಅಲ್ಲಿ ಅಂದ ಇರುವುದು ತೂತಿನಲ್ಲಿ, ಇಲ್ಲಿ ಒಂದು ತೂತು ಕಂಡರೂ ಬೊಂಬೆ ಕೆಟ್ಟಂತೆ. ಲೇಸು ಹಾಕಿ ಕೈ ಪಳಗಿದವರು ಸಡಿಲವಾಗಿ ಹೆಣೆದು ಇಲ್ಲೇ ಎಡವುತ್ತಾರೆ.

ಬೆಲೆ 649 ರೂಪಾಯಿ. ಒಳಗಿರುವುದು ಮಿಲ್ಕ್ ಕಾಟನ್ (ಹತ್ತಿ ಬೆರಕೆಯ) ದಾರ: ನೀಲಿ 25 ಗ್ರಾಂ, ಕೆಂಪು 20, ಮೈಬಣ್ಣ 20, ಕಪ್ಪು 10, ಹಳದಿ 5. ಜೊತೆಗೆ 3.5 ಮಿ.ಮೀ. ಕಡ್ಡಿ, ಒಳಗಿಂದ ವಾಷರ್ ಹಾಕಿ ಕೂರಿಸುವ 8 ಮಿ.ಮೀ. ಪ್ಲಾಸ್ಟಿಕ್ ಸೇಫ್ಟಿ ಕಣ್ಣು ಮೂರು (ಒಂದು ಹೆಚ್ಚುವರಿ), ಸುತ್ತಿನ ಶುರು ಗುರುತಿಸಲು ಎರಡು ಸ್ಟಿಚ್ ಮಾರ್ಕರ್, ಪ್ಲಾಸ್ಟಿಕ್ ಸೂಜಿ, 40 ಗ್ರಾಂ ಫೈಬರ್ ಹತ್ತಿ, ಕೆಂಪು ಮತ್ತು ಹಳದಿ ಫೆಲ್ಟ್ ತುಂಡು, ಒಂದು ಪುಟ್ಟ ಅಂಟಿನ ಟ್ಯೂಬು. ಹಾಳೆ ಇಂಗ್ಲಿಷಿನಲ್ಲಿದೆ, ವಿಡಿಯೊ ಹಿಂದಿಯಲ್ಲಿದೆ. ಕನ್ನಡದಲ್ಲಿ ಒಂದಕ್ಷರವೂ ಇಲ್ಲ.

ದಾರಕ್ಕೆ ಪೂರ್ತಿ ಅಂಕ ಕೊಡಬಹುದು. ಎಳೆ ಬಿಡುವುದಿಲ್ಲ, ಬಿಚ್ಚಿ ಎರಡು ಮೂರು ಸಲ ಮತ್ತೆ ಹೆಣೆದರೂ ಜುಂಗು ಏಳುವುದಿಲ್ಲ. ಒಂದೇ ಎಚ್ಚರಿಕೆ, ಕೆಂಪು. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿದರೆ ತೆಳು ಗುಲಾಬಿ ಕಲೆ ಬರುತ್ತದೆ, ನೀಲಿಯಲ್ಲಿ ಬರುವುದಿಲ್ಲ. ಬೊಂಬೆ ಮುಗಿದ ಮೇಲೆ ತೊಳೆದರೆ ಆ ಬಣ್ಣ ಹೋಗಿ ಕೂರುವುದು ಮುಖದ ಮೇಲೆ. ಕೆಂಪು ಉಂಡೆಯನ್ನು ಮೊದಲೇ ಬಿಚ್ಚಿ ಸಡಿಲ ಲಡಿ ಮಾಡಿ, ನಾಲ್ಕು ಕಡೆ ಕಟ್ಟಿ, ತಣ್ಣೀರಿನಲ್ಲಿ ನೀರು ತಿಳಿಯಾಗುವ ತನಕ ಜಾಲಿಸಿ ನೆರಳಿನಲ್ಲಿ ಒಣಗಿಸಿಕೊಳ್ಳಿ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ಇಂಥ ದಾರಕ್ಕೆ ನೆಚ್ಚಿಕೊಳ್ಳಬೇಡಿ.

ಈ ಕಿಟ್‌ನ ದೊಡ್ಡ ತಪ್ಪು ಕಡ್ಡಿ. ಇಷ್ಟು ತೆಳುವಾದ ದಾರಕ್ಕೆ 3.5 ಮಿ.ಮೀ. ಸಲ್ಲದು. ಅದರಲ್ಲಿ ಹೆಣೆದ ತಲೆಗೆ ಹತ್ತಿ ತುಂಬಿದ ಕೂಡಲೇ ಸ್ಟಿಚ್‌ಗಳು ಬಾಯಿ ಬಿಟ್ಟು, ಕಪ್ಪು ಕೂದಲಿನ ಸಂದಿಯಿಂದ ಬಿಳಿ ಇಣುಕುತ್ತದೆ. ಇನ್ನಷ್ಟು ತುಂಬಿದರೆ ಇನ್ನಷ್ಟು ಕಾಣುತ್ತದೆ, ಕಡಿಮೆ ತುಂಬಿದರೆ ತಲೆ ಸೊಟ್ಟಗಾಗುತ್ತದೆ. 2.5 ಮಿ.ಮೀ. ಕಡ್ಡಿ ಬೇರೆ ತಂದುಕೊಳ್ಳಿ; ಉಲ್ಲನ್ ಅಂಗಡಿಯಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ ಸಿಗುತ್ತದೆ. ಅದೇ 36 ಸ್ಟಿಚ್‌ನ ತಲೆ 2.5ರಲ್ಲಿ ಸುಮಾರು 5 ಸೆಂ.ಮೀ. ಅಗಲಕ್ಕೆ ಬಿಗಿಯಾಗಿ ಬರುತ್ತದೆ, 3.5ರಲ್ಲಿ 6 ದಾಟಿ ಸಡಿಲಾಗುತ್ತದೆ. ಪೆಟ್ಟಿಗೆಯ ಮೇಲಿನ ಫೋಟೋದ ಬೊಂಬೆ ಸಣ್ಣ ಕಡ್ಡಿಯದೇ, ಸ್ಟಿಚ್ ನೋಡಿದರೆ ತಿಳಿಯುತ್ತದೆ. ಕೊಟ್ಟ ಕಡ್ಡಿಯನ್ನು ಎಸೆಯಬೇಡಿ, ಕೇಪ್‌ಗೆ ಅದೇ ಬೇಕು.

ತಲೆ ಶುರುವಾಗುವುದು ಕಪ್ಪು ದಾರದ ಮ್ಯಾಜಿಕ್ ರಿಂಗಿನಿಂದ, ಅಂದರೆ ಬಾಲ ಎಳೆದರೆ ಬಿಗಿಯುವ ಕುಣಿಕೆಯಿಂದ. 6 ಸಿಂಗಲ್, ನಂತರ 12, 18, 24, 30, 36. ಪ್ರತಿ ಸುತ್ತಿಗೆ ಆರು ಏರುತ್ತದೆ. ರಿಂಗಿನ ಬಾಲ 10 ಸೆಂ.ಮೀ. ಆದರೂ ಇರಲಿ. ಬಿಗಿಯಾಗಿ ಎಳೆದು, ಸೂಜಿಗೆ ಪೋಣಿಸಿ ಒಳಗಿನ ವೃತ್ತದಲ್ಲಿ ಎರಡು ಸುತ್ತು ಓಡಿಸಿ. ಎಳೆದು ಸುಮ್ಮನೆ ಕತ್ತರಿಸಿದರೆ ನೆತ್ತಿಯಲ್ಲಿ ತೂತು ಬೀಳುವುದು ಖಂಡಿತ. 7ನೇ ಸುತ್ತಿನ ತನಕ ಕಪ್ಪು, ಆಮೇಲೆ ಮೈಬಣ್ಣ. ಬಣ್ಣ ಬದಲಿಸಬೇಕಾದದ್ದು ಹೊಸ ಸ್ಟಿಚ್‌ನಲ್ಲಲ್ಲ, ಹಳೆಯದರ ಕೊನೆಯಲ್ಲಿ: 7ನೇ ಸುತ್ತಿನ ಕೊನೇ ಸಿಂಗಲ್‌ನಲ್ಲಿ ಕಡ್ಡಿಯ ಮೇಲೆ ಎರಡು ಕುಣಿಕೆ ಇರುವಾಗ ಕಪ್ಪನ್ನು ಬಿಟ್ಟು ಮೈಬಣ್ಣವನ್ನು ಎಳೆದು ಎರಡರಿಂದಲೂ ಹೊರತನ್ನಿ. ಹಾಳೆಯಲ್ಲಿ ಈ ಮಾತೇ ಇಲ್ಲ. ‘ಬಣ್ಣ ಬದಲಿಸಿ’ ಎಂದಷ್ಟೇ ಇದೆ. ಅದರಂತೆ ಮುಂದಿನ ಸ್ಟಿಚ್‌ನಿಂದ ಬದಲಿಸಿದರೆ ಹಣೆಯ ಮೊದಲ ಸ್ಟಿಚ್‌ನ ನೆತ್ತಿಯಲ್ಲಿ ಅರ್ಧ ಕಪ್ಪು ಉಳಿದು, ಮಸಿ ತಾಗಿದ ಹಾಗೆ ಕಾಣುತ್ತದೆ.

ಹೊರಮೈ ಯಾವುದು, ಒಳಮೈ ಯಾವುದು ಎಂಬುದೂ ಹಾಳೆಯಲ್ಲಿಲ್ಲ. ಸಾಲು ಸಾಲು ಪುಟ್ಟ ವಿ ಆಕಾರ ಕಾಣುವುದು ಹೊರಮೈ, ಅಡ್ಡ ಗೆರೆ ಕಾಣುವುದು ಒಳಮೈ. ಬಲಗೈಯವರಿಗೆ ಹೆಣೆಯುತ್ತಿರುವ ತಲೆಯ ಬಟ್ಟಲು ತನ್ನಷ್ಟಕ್ಕೆ ಒಳಗು ಹೊರಗಾಗಿ ಮಡಚಿಕೊಳ್ಳುವುದುಂಟು. 7ನೇ ಸುತ್ತಿನ ಹೊತ್ತಿಗೆ ಮಗುಚಿಬಿಟ್ಟರೆ ಸಾಕು.

ಡಿಕ್ರೀಸ್‌ಗೆ ಕೊಟ್ಟ ವಿಧಾನ ಮಾಮೂಲಿನದು, ಎರಡು ಸ್ಟಿಚ್ ಸೇರಿಸಿ ಒಂದು ಮಾಡುವುದು. ಅದರಲ್ಲಿ ಗಂಟು ಎದ್ದು ಪಕ್ಕದಲ್ಲಿ ಸಣ್ಣ ಸಂದಿ ಬೀಳುತ್ತದೆ, ಗಲ್ಲದ ಕೆಳಗೆ ಆರು ಕಡೆ. ಬೊಂಬೆಗೆ ಇನ್‌ವಿಸಿಬಲ್ ಡಿಕ್ರೀಸ್ ಹಾಕಿ: ಮುಂದಿನ ಎರಡು ಸ್ಟಿಚ್‌ಗಳ ಮುಂಬದಿಯ ಎಳೆಯಷ್ಟನ್ನೇ ಒಂದಾದ ಮೇಲೊಂದು ಕಡ್ಡಿಗೆ ತಗೊಳ್ಳಿ, ದಾರ ಸುತ್ತಿ ಆ ಎರಡರಿಂದ ಎಳೆಯಿರಿ, ಮತ್ತೆ ಸುತ್ತಿ ಕಡ್ಡಿಯ ಮೇಲಿನ ಎರಡು ಕುಣಿಕೆಯಿಂದಲೂ ಎಳೆಯಿರಿ. ಪಕ್ಕದ ಸಿಂಗಲ್‌ಗೂ ಇದಕ್ಕೂ ವ್ಯತ್ಯಾಸ ಹುಡುಕಬೇಕಾಗುತ್ತದೆ.

ಇನ್ನು ಕಣ್ಣು. ಹಾಳೆಯ ಪ್ರಕಾರ 15ನೇ ಸುತ್ತಿನ ನಂತರ. ಅಷ್ಟು ಹೊತ್ತಿಗೆ ತಲೆಯ ಬುಡದ ತೆರೆದ ಬಾಯಿ 18 ಸ್ಟಿಚ್‌ಗೆ ಇಳಿದು ಒಂದು ಬೆರಳಷ್ಟೇ ಹೋಗುತ್ತದೆ. ಒಳಗಿನ ವಾಷರ್ ಒತ್ತಿ ಕೂರಿಸಲು ಎರಡು ಬೆರಳು ಬೇಕು. 12ನೇ ಸುತ್ತು ಮುಗಿದ ಕೂಡಲೇ, ಬಾಯಿ ಅಗಲ ಇರುವಾಗಲೇ ಹಾಕಿ. 10 ಮತ್ತು 11ನೇ ಸುತ್ತಿನ ನಡುವೆ, ಎರಡು ಕಣ್ಣಿಗೆ 7 ಸ್ಟಿಚ್ ಅಂತರ. ವಾಷರ್ ಒಮ್ಮೆ ಕಚ್ಚಿಕೊಂಡರೆ ಬಿಡುವುದಿಲ್ಲ, ಹಾಗಾಗಿ ಮೊದಲು ಕಣ್ಣನ್ನು ಸುಮ್ಮನೆ ಚುಚ್ಚಿ ದೂರದಿಂದ ನೋಡಿ. ಮಾಸ್ಕನ್ನು ಕೊನೆಯಲ್ಲಿ ಅಂಟಿಸಿ ಎನ್ನುತ್ತಾರೆ. ಆ ಅಂಟು ಒಣಗಿ ಗಟ್ಟಿಯಾಗುತ್ತದೆ, ಫೆಲ್ಟಿನ ಅಂಚು ಮೇಲೇಳುತ್ತದೆ, ಮಕ್ಕಳ ಉಗುರಿಗೆ ಅಷ್ಟು ಸಾಕು. ಅದರ ಬದಲು ಕೆಂಪು ಫೆಲ್ಟಿನಲ್ಲಿ ಮಾಸ್ಕ್ ಕತ್ತರಿಸಿ ಮೊದಲೇ ಮುಖದ ಮೇಲಿಟ್ಟು, ಕಣ್ಣಿನ ಕಾಂಡವನ್ನು ಫೆಲ್ಟಿನ ಮೂಲಕವೇ ಚುಚ್ಚಿ ಒಳಗೆ ವಾಷರ್ ಹಾಕಿ. ಕಣ್ಣೇ ಮಾಸ್ಕನ್ನು ಹಿಡಿದಿಡುತ್ತದೆ. ಎರಡು ತುದಿಗೆ ಕೆಂಪು ದಾರದಲ್ಲಿ ನಾಲ್ಕು ಟಾಕು.

ಕಾಲು ಎರಡೂ ಒಂದೇ: ಕೆಂಪಿನಲ್ಲಿ 6, ಆಮೇಲೆ 12, ನಾಲ್ಕನೇ ಸುತ್ತಿನ ತನಕ ಬೂಟು, 5ರಿಂದ 8 ನೀಲಿ. ಎರಡನೇ ಕಾಲಿನ ಕೊನೇ ಸ್ಟಿಚ್ ಮುಗಿಸುವಾಗಲೇ ಕೆಂಪು ತಂದು ಮೊದಲ ಕಾಲಿಗೆ ದಾಟಿದರೆ 12ಕ್ಕೆ 12 ಸೇರಿ 24. ಮೂರು ಸುತ್ತು ಚಡ್ಡಿ, ಒಂದು ಸುತ್ತು ಹಳದಿ ಬೆಲ್ಟು, ಐದು ಸುತ್ತು ನೀಲಿ, ಆಮೇಲೆ 18, 12. ಸುತ್ತುಗಳು ವೃತ್ತವಲ್ಲ, ಸುರುಳಿ. ಹಾಗಾಗಿ ಬಣ್ಣ ಬದಲಾದ ಕಡೆ ಒಂದು ಮೆಟ್ಟಿಲು ಬಿದ್ದೇ ಬೀಳುತ್ತದೆ. ಒಂದೇ ಸುತ್ತಿನ ಬೆಲ್ಟಿನಲ್ಲಂತೂ ಎದ್ದು ಕಾಣುತ್ತದೆ. ಬೆನ್ನಿನ ಕಡೆ ಬರುವಂತೆ ನೋಡಿಕೊಂಡರೆ ಸಾಕು, ಕೇಪ್ ಮುಚ್ಚುತ್ತದೆ. ಸಿಂಗಲ್ ಸ್ಟಿಚ್‌ಗಳು ಸುತ್ತು ಸುತ್ತಿಗೂ ಒಂದು ಬದಿಗೆ ವಾಲುವುದರಿಂದ ಮಾರ್ಕರ್ ಕೂಡ ಮೆಲ್ಲಗೆ ಪಕ್ಕಕ್ಕೆ ಸರಿದಿರುತ್ತದೆ. ಎದೆಯ ನಡುವನ್ನು ಮಾರ್ಕರ್ ನೋಡಿ ಗುರುತಿಸಬೇಡಿ, ಕಾಲುಗಳ ನಡುವಿನ ಸಂದಿ ನೋಡಿ ಗುರುತಿಸಿ.

ಹತ್ತಿ ಪೆಟ್ಟಿಗೆಯಲ್ಲಿ ಒತ್ತಿ ಇಟ್ಟದ್ದರಿಂದ ಮುದ್ದೆಯಾಗಿರುತ್ತದೆ, ಹಿಂಜಿ ನೆಲ್ಲಿಕಾಯಿ ಗಾತ್ರದ ತುಣುಕಾಗಿ ತುಂಬಿ. ಕಾಲಿಗೆ ಗಟ್ಟಿಯಾಗಿ, ತೋಳಿಗೆ ಅಂಗೈ ಭಾಗದಲ್ಲಷ್ಟೇ. ತೋಳಿನ ಮೇಲ್ಭಾಗಕ್ಕೂ ತುಂಬಿದರೆ ಅದು ಕೆಳಗಿಳಿಯದೆ ಹಾರಲು ಹೊರಟ ಕೋಳಿಯಂತೆ ನಿಲ್ಲುತ್ತದೆ.

ತಲೆ ಓಲಾಡುತ್ತದೆ ಎಂಬ ದೂರಿಗೆ ಕಾರಣ ಹಾಳೆಯಲ್ಲೇ ಇದೆ. ತಲೆಯನ್ನೂ ಮೈಯನ್ನೂ 12ಕ್ಕೆ ಇಳಿಸಿ ಹೊಲಿದರೆ ಅಷ್ಟು ದೊಡ್ಡ ತಲೆಯನ್ನು ಹೊರಲು ಸಿಗುವುದು ಬೆರಳು ಗಾತ್ರದ ಕುತ್ತಿಗೆ. ಎರಡರ ಕೊನೇ ಸುತ್ತನ್ನೂ ಬಿಟ್ಟು 18ರಲ್ಲೇ ನಿಲ್ಲಿಸಿ, ಸ್ಟಿಚ್‌ಗೆ ಸ್ಟಿಚ್ ಹೊಲಿಯಿರಿ. ಮುಕ್ಕಾಲು ಹೊಲಿದ ಮೇಲೆ ಕುತ್ತಿಗೆಗೆ ಹತ್ತಿಯನ್ನು ಕಡ್ಡಿಯ ಹಿಂಬದಿಯಿಂದ ಒತ್ತಿ ತುಂಬಿ ಮುಗಿಸಿ. ಸೂಪರ್‌ಹೀರೋಗೆ ದಪ್ಪ ಕುತ್ತಿಗೆ ಒಪ್ಪುತ್ತದೆ ಬಿಡಿ.

ಕೇಪ್ ಬಗ್ಗೆ ಹಾಳೆ ಇನ್ನೊಂದು ಗೊಂದಲ ಎಬ್ಬಿಸುತ್ತದೆ. ಅಲ್ಲಿಯ ತನಕ ಸಿಂಗಲ್ ಎಂದವರು ಇಲ್ಲಿ ‘ಡಬಲ್ ಕ್ರೋಶಾ’ ಎಂದಿದ್ದಾರೆ. ಅಮೆರಿಕದ ಲೆಕ್ಕದಲ್ಲಿ ಅದು ಎತ್ತರದ ಸ್ಟಿಚ್. ಬ್ರಿಟಿಷ್ ಲೆಕ್ಕದಲ್ಲಿ ಅಮೆರಿಕದವರ ಸಿಂಗಲ್ಲೇ ಡಬಲ್. ಹಳೆಯ ಇಂಗ್ಲಿಷ್ ಪುಸ್ತಕ ನೋಡಿ ಕಲಿತ ಅಜ್ಜಿಯರಿಗೆ ಬ್ರಿಟಿಷ್ ಹೆಸರೇ ಬಾಯಿಗೆ ಬರುವುದು. ಫೋಟೋದಲ್ಲಿ ಕಾಣುವುದು ಗಿಡ್ಡ ಸ್ಟಿಚ್, ಅಂದರೆ ಸಿಂಗಲ್. ಆದರೆ ಬಿಗಿ ಸಿಂಗಲ್‌ನ ಕೇಪ್ ಚಾಪೆಯಂತೆ ಸುರುಳಿ ಸುತ್ತಿಕೊಳ್ಳುತ್ತದೆ. 3.5 ಕಡ್ಡಿಯಲ್ಲಿ ಹಾಫ್ ಡಬಲ್ (ಸಿಂಗಲ್‌ಗಿಂತ ಎತ್ತರ, ಅಮೆರಿಕದ ಡಬಲ್‌ಗಿಂತ ಗಿಡ್ಡ) ಹಾಕಿದರೆ ಮಲಗಿ ಬೀಳುತ್ತದೆ: 10 ಸ್ಟಿಚ್‌ನಿಂದ ಶುರುಮಾಡಿ, ಎರಡು ಸಾಲಿಗೊಮ್ಮೆ ಎರಡೂ ಅಂಚಿನಲ್ಲಿ ಒಂದೊಂದು ಏರಿಸುತ್ತಾ 16ಕ್ಕೆ ತನ್ನಿ. ಆಗಲೂ ಅಂಚು ಮಡಚಿದರೆ ಒದ್ದೆ ಬಟ್ಟೆ ಹೊದಿಸಿ ಮೇಲಿಂದ ಹಬೆ ಕೊಡಿ. ಮಿಲ್ಕ್ ಕಾಟನ್‌ನಲ್ಲಿ ಸಾಮಾನ್ಯವಾಗಿ ಅಕ್ರಿಲಿಕ್ ಬೆರೆತಿರುತ್ತದೆ, ಇಸ್ತ್ರಿ ಪೆಟ್ಟಿಗೆ ನೇರ ತಾಗಿಸಿದರೆ ಚಪ್ಪಟೆಯಾಗಿ ಹೊಳೆಯತೊಡಗುತ್ತದೆ. ಕೇಪ್‌ಗೆ ಉದ್ದ ದಾರದ ಗಂಟು ಹಾಕಿ ಎಂದಿರುವುದನ್ನು ಕೈಬಿಟ್ಟು ಹೆಗಲಿಗೆ ಹೊಲಿದುಬಿಡಿ. ಮೂರು ವರ್ಷದೊಳಗಿನ ಮಗುವಿಗಾದರೆ ಪ್ಲಾಸ್ಟಿಕ್ ಕಣ್ಣೂ ಬೇಡ, ಕಪ್ಪು ದಾರದಲ್ಲೇ ಕಸೂತಿ ಮಾಡಿ.

ಎದೆಗೆ ಕೊಟ್ಟ ಹಳದಿ ನಕ್ಷತ್ರ ಸಪ್ಪೆ. ಮಗುವಿನ ಹೆಸರಿನ ಮೊದಲಕ್ಷರವನ್ನು ಹಳದಿ ದಾರದ ಎರಡೆಳೆಯಲ್ಲಿ ಸರಪಳಿ ಹೊಲಿಗೆ ಹಾಕಿ ಬರೆದರೆ ಚೆಂದ. ಕನ್ನಡದ ‘ರ’, ‘ಅ’, ‘ನ’ ಗುಂಡಗಿರುವುದರಿಂದ ಸರಪಳಿ ಸಲೀಸಾಗಿ ತಿರುಗುತ್ತದೆ. ‘ಝ’ ಅಥವಾ ಒತ್ತಕ್ಷರ ಈ ಎದೆಯಲ್ಲಿ ಹಿಡಿಸುವುದಿಲ್ಲ, ಇರುವುದೇ 12 ಸ್ಟಿಚ್ ಅಗಲ. ಮಾರುವ ಯೋಚನೆ ಇರುವವರು ಸಿನಿಮಾ ವೀರರ ಲಾಂಛನದಿಂದ ದೂರ ಇರಿ, ಅದಕ್ಕೆ ಹಕ್ಕುದಾರರಿದ್ದಾರೆ. ಜೊತೆಗೆ 2021ರ ಜನವರಿ 1ರಿಂದ ಭಾರತದಲ್ಲಿ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವುದಕ್ಕೆ ವಿನಾಯಿತಿ ಇದೆ.

ಪೆಟ್ಟಿಗೆಯಲ್ಲಿ ‘3 ಗಂಟೆಯ ಕೆಲಸ’ ಎಂದಿದೆ. ಕೈ ಓಡುವವರಿಗೇ ನಾಲ್ಕೈದು ಗಂಟೆ, ಹೊಸಬರಿಗೆ ಎಂಟರಿಂದ ಹತ್ತು. ಐದಕ್ಕೆ ಮೂರು ಅಂಕ ಕೊಡಬಹುದು. ಕಡ್ಡಿ ಬದಲಿಸಿ ಹಾಳೆ ತಿದ್ದಿದರೆ ನಾಲ್ಕು. ಬಿಡಿಬಿಡಿಯಾಗಿ ಕೊಂಡರೆ ಐದು ಬಣ್ಣಕ್ಕೆ ಐದು ಪೂರ್ತಿ ಉಂಡೆ ತರಬೇಕು, ಒಂದೇ ಬೊಂಬೆ ಸಾಕೆನ್ನುವವರಿಗೆ ಕಿಟ್ಟೇ ಅಗ್ಗ. ಮ್ಯಾಜಿಕ್ ರಿಂಗ್ ಒಮ್ಮೆಯೂ ಹಾಕದವರು ಮೊದಲು ಮನೆಯಲ್ಲಿರುವ ದಪ್ಪ ಉಲ್ಲನ್‌ನಲ್ಲಿ ಒಂದು ಚೆಂಡು ಹೆಣೆದು ಆಮೇಲೆ ಇದನ್ನು ತೆರೆಯಲಿ.

ಮುಗಿದ ಮೇಲೆ ನೀಲಿ 11 ಗ್ರಾಂ, ಕೆಂಪು 9, ಮೈಬಣ್ಣ 11 ಉಳಿಯುತ್ತದೆ, ಹತ್ತಿಯೂ ಅರ್ಧದಷ್ಟು. ಇನ್ನೊಂದು ಬೊಂಬೆಗೆ ನೀಲಿ 3 ಗ್ರಾಂ ಕಡಿಮೆ ಬೀಳುತ್ತದೆ, ಕಾಲನ್ನು ಪೂರ್ತಿ ಕೆಂಪು ಮಾಡಿದರೆ ಸರಿಹೋಗುತ್ತದೆ. ಉಳಿದಿರುವುದು ಒಂದೇ ಕಣ್ಣು, ಹಾಗಾಗಿ ಕಣ್ಣು ದಾರದ್ದು. ಆ ಎರಡನೆಯವನಿಗೆ ಕೇಪ್ ಮಾತ್ರ ಸಿಗುವುದಿಲ್ಲ.