ಲೇಪಾಕ್ಷಿ: ತೂಗುಕಂಬಕ್ಕಿಂತ ಮೇಲ್ಛಾವಣಿಗೆ ಹೆಚ್ಚು ಹೊತ್ತು ಕೊಡಿ

ಆಂಧ್ರಪ್ರದೇಶದ ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿ ವೀರಭದ್ರ ದೇವಾಲಯಕ್ಕೆ ನಮ್ಮ ಮಡಕಶಿರಾ ಕಡೆಯ ಕನ್ನಡ ಕುಟುಂಬಗಳು ಹೋಗುವುದು ಹೆಚ್ಚಾಗಿ ದೇವರ ದರ್ಶನಕ್ಕೆ. ಚಿತ್ರ ಮತ್ತು ಶಿಲ್ಪಗಳನ್ನು ನೋಡಲೆಂದೇ ಹೋಗುವವರಿಗೆ ಆ ಸ್ಥಳ ಏನು ಕೊಡುತ್ತದೆ, ಅಲ್ಲಿ ಸಿಗುವ ಗೈಡ್‌ಗಳ ವಿವರಣೆ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೂರ್ಮಶೈಲವೆಂಬ ತಗ್ಗಾದ ಬಂಡೆಗುಡ್ಡದ ಮೇಲೆ ಈ ದೇವಾಲಯವನ್ನು ಇಂದಿನ ರೂಪಕ್ಕೆ ತಂದವರು, 16ನೆಯ ಶತಮಾನದಲ್ಲಿ ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ಅಧಿಕಾರಿಗಳಾಗಿದ್ದ ವಿರೂಪಣ್ಣ ಮತ್ತು ವೀರಣ್ಣ ಎಂಬ ಸಹೋದರರು. ನಾಟ್ಯಮಂಟಪದ ಕಂಬಗಳಲ್ಲಿ ಬ್ರಹ್ಮ ಮೃದಂಗ ಬಾರಿಸುತ್ತಾನೆ, ತುಂಬುರು ವೀಣೆ ಹಿಡಿದಿದ್ದಾನೆ, ರಂಭೆ ಕುಣಿಯುತ್ತಾಳೆ, ಮೂರು ಕಾಲಿನ ಭೃಂಗಿಯೂ ಆ ಮೇಳದಲ್ಲಿದ್ದಾನೆ. ಇಲ್ಲಿಗೆ ಬಂದವರು ತಲೆಯೆತ್ತಿ ನೋಡದೆ ಮುಂದೆ ನಡೆದರೆ ಲೇಪಾಕ್ಷಿಯ ಅತ್ಯುತ್ತಮ ಭಾಗವೇ ತಪ್ಪಿಹೋಗುತ್ತದೆ. ಮೇಲ್ಛಾವಣಿಯ ಉದ್ದಕ್ಕೂ ಪಟ್ಟಿಗಳಂತೆ ಸಾಗುವ ಭಿತ್ತಿಚಿತ್ರಗಳಲ್ಲಿ ಪಾರ್ವತಿಯ ಕಲ್ಯಾಣ, ದ್ರೌಪದಿಯ ಸ್ವಯಂವರ, ಕರುವನ್ನು ಕಳೆದುಕೊಂಡ ಹಸುವಿಗೆ ನ್ಯಾಯ ಕೊಟ್ಟ ಚೋಳರಾಜನ ಕಥೆ, ವಟಪತ್ರಶಾಯಿ ಕೃಷ್ಣ ಮತ್ತು ಕಿರಾತಾರ್ಜುನರ ಪ್ರಸಂಗ ಇವೆ. ಕಿರಾತಾರ್ಜುನರ ಪ್ರಸಂಗದ ಹಂದಿಬೇಟೆಯ ಭಾಗದ ಮುಂದೆ ನಾನು ಬಹಳ ಹೊತ್ತು ನಿಂತೆ. ಕೆಂಪು, ಹಳದಿ, ಬಿಳುಪು, ಕಪ್ಪು ಮುಂತಾದ ಕೆಲವೇ ಬಣ್ಣಗಳಲ್ಲಿ, ಗಟ್ಟಿಯಾದ ಕಪ್ಪು ಗೆರೆಯ ಬಲದಿಂದಲೇ ಮೃಗದ ರಭಸವನ್ನು ತೋರಿಸಿದ ಕಲಾವಿದನ ಕೈಯ ಹಿಡಿತ ಬೆರಗು ಹುಟ್ಟಿಸುತ್ತದೆ. ಸ್ತ್ರೀಯರ ಸೀರೆಗಳ ಅಂಚು ಮತ್ತು ಸೆರಗಿನ ವಿನ್ಯಾಸ, ಪುರುಷರ ಕುಲಾವಿಗಳೆಂಬ ಎತ್ತರದ ಟೋಪಿಗಳು ಆ ಕಾಲದ ಉಡುಗೆಯನ್ನು ಯಾವ ಬರಹಕ್ಕಿಂತಲೂ ಸ್ಪಷ್ಟವಾಗಿ ತಿಳಿಸುತ್ತವೆ. ಕೆಲವೆಡೆ ಗಾರೆ ಉದುರಿ ಚಿತ್ರಗಳು ಅರ್ಧವಾಗಿರುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ.

ನಮ್ಮೊಂದಿಗೆ ಬಂದ ಗೈಡ್ ತೆಲುಗು ಬೆರೆತ ಕನ್ನಡದಲ್ಲಿ ಆತ್ಮೀಯವಾಗಿ ಮಾತನಾಡಿದರು. ಆದರೆ ಬುಡ ನೆಲಕ್ಕೆ ಪೂರ್ತಿ ತಾಗದ ತೂಗುಕಂಬದ ಕೆಳಗೆ ಬಟ್ಟೆ ತೂರಿಸುವುದಕ್ಕೆ, ಗೋಡೆಯ ಮೇಲಿನ ಕೆಂಪು ಕಲೆಗಳು ವಿರೂಪಣ್ಣ ತಾನೇ ಕಿತ್ತೆಸೆದ ಕಣ್ಣುಗಳ ಗುರುತೆಂಬ ಐತಿಹ್ಯಕ್ಕೆ ಅವರು ಕೊಟ್ಟ ಸಮಯದಲ್ಲಿ ಕಾಲು ಭಾಗವನ್ನೂ ಚಿತ್ರಗಳಿಗೆ ಕೊಡಲಿಲ್ಲ. ಕೇಳಿದ ಮೇಲೆ ಕಥೆಗಳನ್ನು ಚೆನ್ನಾಗಿಯೇ ಹೇಳಿದರು. ಆದ್ದರಿಂದ ಗೈಡ್ ಬೇಡವೆಂದು ನಾನು ಹೇಳುವುದಿಲ್ಲ. ಚಿತ್ರಗಳನ್ನು ಒಂದೊಂದಾಗಿ ತೋರಿಸಬೇಕೆಂದು ಮೊದಲೇ ಮಾತನಾಡಿಕೊಳ್ಳಿ. ಯಾವ ಕಥೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂದು ತಿಳಿಸುವ ನಕ್ಷೆಯೊಂದು ತೆಲುಗಿನ ಜೊತೆಗೆ ಕನ್ನಡದಲ್ಲಿಯೂ ಮಂಟಪದ ಬಳಿ ಇದ್ದರೆ ಬಹಳ ಉಪಕಾರವಾದೀತು. ಕನ್ನಡ ಶಾಸನಗಳೇ ಇರುವ ಆವರಣದಲ್ಲಿ ಇದು ಅತಿಯಾದ ಬೇಡಿಕೆಯಲ್ಲ.

ಹಿಂಭಾಗದ ಏಳು ಹೆಡೆಯ ನಾಗಲಿಂಗ, ಅಪೂರ್ಣವಾಗಿ ನಿಂತ ಕಲ್ಯಾಣಮಂಟಪ ಎರಡನ್ನೂ ನೋಡಲೇಬೇಕು. ಲತಾಮಂಟಪದ ಕಂಬಗಳ ಬಳ್ಳಿವಿನ್ಯಾಸಗಳನ್ನು ನೇಯ್ಗೆ ಅಥವಾ ಕಸೂತಿ ಬಲ್ಲವರು ಬಿಡುವಾಗಿ ಗಮನಿಸಲಿ. ದೇವಾಲಯದಿಂದ ಸ್ವಲ್ಪ ದೂರದಲ್ಲಿ, ಒಂದೇ ಬಂಡೆಯಲ್ಲಿ ಕಡೆದ ಸುಮಾರು 27 ಅಡಿ ಉದ್ದ ಮತ್ತು 15 ಅಡಿ ಎತ್ತರದ ನಂದಿ ಇದೆ. ಕೊರಳ ಗಂಟೆಸರದ ಕೆತ್ತನೆ ಹತ್ತಿರದಿಂದಲೇ ಕಾಣಬೇಕು. ದೇವಾಲಯ ಮತ್ತು ಈ ನಂದಿ 2022ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದವು.

ಬೆಂಗಳೂರಿನಿಂದ ಬರುವವರು ಹಿಂದೂಪುರದವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ ಅಥವಾ ಆಟೋ ಹಿಡಿಯಬಹುದು. ಚಪ್ಪಲಿ ಬಿಟ್ಟು ನಡೆಯಬೇಕಾದ ಕಲ್ಲುಹಾಸು ಮಧ್ಯಾಹ್ನದ ಬಿಸಿಲಿಗೆ ಕಾದು ಕಾಲು ಸುಡುತ್ತದೆ; ವೃದ್ಧರು ಮತ್ತು ಮಕ್ಕಳು ಜೊತೆಗಿದ್ದರೆ ಬೆಳಿಗ್ಗೆ ಬೇಗನೆ ತಲುಪುವುದು ಒಳ್ಳೆಯದು. ಚಿಕ್ಕ ದುರ್ಬೀನು ಮನೆಯಲ್ಲಿದ್ದರೆ ಮರೆಯದೆ ತನ್ನಿ, ಏಕೆಂದರೆ ಮೇಲ್ಛಾವಣಿಯ ಮುಖಗಳ ಸೂಕ್ಷ್ಮ ಗೆರೆಗಳು ನೆಲದಿಂದ ಬರಿಗಣ್ಣಿಗೆ ಪೂರ್ತಿ ಸಿಗುವುದಿಲ್ಲ.